ಹತ್ತು ಪೌಂಡಿನ ಪಾದ್ರಿ ಮನೆ

ಬ್ರಿಟನ್ನಿನ ನ್ಯಾಷನಲ್ ಟ್ರಸ್ಟ್ ಇಂದು ಕೋಟೆ, ಬಂಗಲೆ, ಕಾಡು, ಕಡಲತೀರಗಳ ಒಡೆಯ. ಅದು ಕೊಂಡ ಮೊಟ್ಟಮೊದಲ ಕಟ್ಟಡ ಮಾತ್ರ ಸಸೆಕ್ಸ್‌ನ ಆಲ್ಫ್ರಿಸ್ಟನ್ ಹಳ್ಳಿಯ ಒಂದು ಹುಲ್ಲು ಮಾಡಿನ ಮನೆ. ಕುಕ್‌ಮಿಯರ್ ನದಿಯ ಮಗ್ಗುಲಲ್ಲಿ, ಸಂತ ಆಂಡ್ರ್ಯೂ ಚರ್ಚಿನ ಬದಿಯಲ್ಲಿರುವ ಆ ಪಾದ್ರಿ ಮನೆಗೆ 1896ರಲ್ಲಿ ತೆತ್ತ ಬೆಲೆ 10 ಪೌಂಡ್.

ಮನೆ 14ನೇ ಶತಮಾನದ್ದು. ಕೆಂಟ್, ಸಸೆಕ್ಸ್ ಸೀಮೆಯ ಅನುಕೂಲಸ್ಥ ರೈತರು ಕಟ್ಟಿಸುತ್ತಿದ್ದ 'ವೀಲ್ಡನ್' ಮಾದರಿ. ನಡುವೆ ಸೂರಿನವರೆಗೂ ತೆರೆದ ಎತ್ತರದ ಹಜಾರ, ಎರಡು ತುದಿಯಲ್ಲೂ ಎರಡೆರಡು ಅಂತಸ್ತು. ತುದಿಗಳ ಮೇಲಂತಸ್ತು ಕೆಳಗೋಡೆಗಿಂತ ತುಸು ಮುಂದಕ್ಕೆ ಚಾಚಿರುತ್ತದೆ. ನಡುವಿನ ಹಜಾರ ಹಿಂದೆ ಸರಿದು ನಿಲ್ಲುತ್ತದೆ. ಮೂರಕ್ಕೂ ಮಾಡು ಒಂದೇ. ಹಾಗಾಗಿ ಹಜಾರದ ಮುಂದೆ ತೇಲಿದಂತಿರುವ ಸೂರಂಚಿಗೆ ಬಾಗಿದ ಓಕ್ ತೊಲೆಗಳ ಆನಿಕೆ ಬೇಕಾಗುತ್ತದೆ. ಹೊರಗಿನಿಂದ ನೋಡಿದವರು ಮೆಚ್ಚುವುದು ಆ ಬಾಗುತೊಲೆಗಳನ್ನೇ. ಅವು ಅಲಂಕಾರವಲ್ಲ, ಭಾರ ಹೊತ್ತಿರುವ ಮರಗಳು.

ಇಡೀ ಮನೆಯ ಆಕಾರವನ್ನು ನಿರ್ಧರಿಸಿದ್ದು ಹೊಗೆ ಎಂದೇ ನನ್ನ ನಂಬಿಕೆ. ಇಂಥ ಮನೆಗಳಲ್ಲಿ ಚಿಮಣಿ ಇರುತ್ತಿರಲಿಲ್ಲ. ಹಜಾರದ ನೆಲದ ಮೇಲೇ ಬೆಂಕಿ ಉರಿಯುತ್ತಿತ್ತು. ಹೊಗೆ ಮೇಲೇರಿ ಮಾಡಿನಡಿ ಸುತ್ತಾಡಿ ಸಂದುಗಳಿಂದ ಹೊರಬೀಳಬೇಕಿತ್ತು. ಬೆಂಕಿಯ ಮೇಲೆ ಅಟ್ಟ ಹಾಕುವಂತಿರಲಿಲ್ಲ. ಮಲಗುವ ಕೋಣೆಗಳಿಗೆ ಉಳಿದದ್ದು ಎರಡು ತುದಿಗಳೇ. ಮುಂದೆ ಚಿಮಣಿ ಬಳಕೆಗೆ ಬಂದಂತೆ ಇಂಗ್ಲೆಂಡಿನ ಎಷ್ಟೋ ಹಜಾರಗಳ ನಡುವೆ ಅಟ್ಟ ಎದ್ದಿತು, ಎತ್ತರದ ಅವಕಾಶ ಮುಚ್ಚಿಹೋಯಿತು. ಆಲ್ಫ್ರಿಸ್ಟನ್ನಿನಲ್ಲಿ ಇಂದು ತಲೆಯೆತ್ತಿದರೆ ಮಾಡಿನ ಜಂತಿಗಳವರೆಗೂ ಕಣ್ಣು ಹಾಯುತ್ತದೆ.

ಓಕ್ ಚೌಕಟ್ಟಿನ ನಡುವಿನ ಗೋಡೆ ಎಂದರೆ ಕಡ್ಡಿ ಹೆಣೆದ ತಡಿಕೆಗೆ ಮಣ್ಣು ಮೆತ್ತಿದ್ದು. ಮರ, ಮಣ್ಣು, ಹುಲ್ಲು ಮೂರೂ ಸದಾ ಆರೈಕೆ ಬೇಡುತ್ತವೆ. ಪಾದ್ರಿಗಳು ಬಿಟ್ಟುಹೋದ ಮೇಲೆ ಆ ಆರೈಕೆ ತಪ್ಪಿತು. ಕೂಲಿಕಾರರ ಎರಡು ಬಿಡಾರಗಳಾಗಿ ಒಡೆದು ಹಂಚಿಹೋದ ಮನೆ 19ನೇ ಶತಮಾನದ ಕೊನೆಗೆ ಕುಸಿಯುವ ಹಂತ ತಲುಪಿ, ಕೆಡವಲು ಚರ್ಚಿನ ಮೇಲಧಿಕಾರಿಗಳ ಒಪ್ಪಿಗೆಯೂ ಸಿಕ್ಕಿತ್ತು.

ತಡೆದವರು ಊರಿನ ಪಾದ್ರಿ ಎಫ್. ಡಬ್ಲ್ಯು. ಬೇನನ್. ತಾವು ವಾಸಿಸದ ಒಂದು ಹಾಳುಮನೆಗಾಗಿ ಅವರು ಸಹಾಯ ಕೇಳಿಕೊಂಡು ತಿರುಗಿದರು. ವಿಲಿಯಂ ಮಾರಿಸ್ 1877ರಲ್ಲಿ ಕಟ್ಟಿದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘದ ಮೊರೆಹೊಕ್ಕರು. ಆಮೇಲೆ, 1895ರಲ್ಲಿ ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್, ಹಾರ್ಡ್‌ವಿಕ್ ರಾನ್ಸ್‌ಲಿ ಸೇರಿ ಹುಟ್ಟುಹಾಕಿದ ನ್ಯಾಷನಲ್ ಟ್ರಸ್ಟ್‌ನ ಬಾಗಿಲು ತಟ್ಟಿದರು. ಆಗ ಟ್ರಸ್ಟ್‌ನ ಕೈಯಲ್ಲಿದ್ದದ್ದು ವೇಲ್ಸ್‌ನಲ್ಲಿ ದಾನವಾಗಿ ಬಂದ ಒಂದು ಗುಡ್ಡದ ಜಾಗ ಮಾತ್ರ. ಮನೆಯೇನೋ 10 ಪೌಂಡಿಗೆ ಸಿಕ್ಕಿತು. ದುರಸ್ತಿಗೆ ಅದರ ಹತ್ತಾರು ಪಟ್ಟು ಹಣ ಬೇಕಿತ್ತು. ಆಕ್ಟೇವಿಯಾ ಹಿಲ್ ಜನರ ಮುಂದೆ ಕೈಚಾಚಿ ಚಂದಾ ಎತ್ತಿದರು. ಲಂಡನ್ನಿನ ಬಡವರ ವಸತಿಗಾಗಿ ದಶಕಗಳ ಕಾಲ ದುಡಿದಿದ್ದ ಈ ಹೆಣ್ಣುಮಗಳಿಗೆ ಸೋರುವ ಮಾಡು, ಬಿರುಕು ಗೋಡೆಗಳ ಪರಿಚಯ ಹೊಸದೇನಲ್ಲ.

ದುರಸ್ತಿಯ ಹೊಣೆ ಹೊತ್ತವರು ಮಾರಿಸ್ ವಿಚಾರಕ್ಕೆ ಒಲಿದಿದ್ದ ವಾಸ್ತುಶಿಲ್ಪಿ ಆಲ್ಫ್ರೆಡ್ ಪೊವೆಲ್. ಹಳೆಯದನ್ನು ಕಿತ್ತು ಹೊಸತಾಗಿ ಹೊಳೆಯಿಸುವ ವಿಕ್ಟೋರಿಯನ್ ಚಾಳಿಗೆ ಮಾರಿಸ್ ಬಳಗದ ಕಡುವಿರೋಧವಿತ್ತು. ಉಳಿದಿರುವುದಕ್ಕೆ ಆಸರೆ ಕೊಡಿ, ಇಲ್ಲದ್ದನ್ನು ಕಲ್ಪಿಸಿ ಕಟ್ಟಬೇಡಿ ಎಂಬುದು ಅವರ ನಿಲುವು.

ಇಲ್ಲಿಗೆ ಬಂದವರು ಹಜಾರದ ಮೂಲೆಯ ತೊಲೆಯಲ್ಲಿ ಕೆತ್ತಿದ ಓಕ್ ಎಲೆಯನ್ನು ಹುಡುಕುತ್ತಾರೆ. ಟ್ರಸ್ಟ್‌ನ ಓಕ್ ಎಲೆ ಲಾಂಛನಕ್ಕೆ ಅದೇ ಸ್ಫೂರ್ತಿ ಎಂಬ ಮಾತಿದೆ. ನನಗೆ ಅದಕ್ಕಿಂತ ಕಾಲಡಿಯ ನೆಲ ದೊಡ್ಡದು. ಆ ಸೀಮೆಯ ಗುಡ್ಡಗಳ ಬಿಳಿ ಸುಣ್ಣದ ಕಲ್ಲನ್ನೇ ತಂದು, ಪುಡಿಮಾಡಿ, ದಮ್ಮಸು ಹಾಕಿ, ಮೇಲೆ ಹುಳಿತ ಹಾಲು ಸುರಿದು ಗಟ್ಟಿಗೊಳಿಸಿದ ನೆಲವದು. ಗುಡ್ಡದ ಕಲ್ಲು, ಹಟ್ಟಿಯ ಹಾಲು: ಎರಡೂ ಆ ಊರಿನ ಸುತ್ತಲೇ ಸಿಗುವಂಥವು.