ಬಾಸೆಲಿನ ಮಿತ್ರರೊಡನೆ ಒಂದು ದಿನ

ಪರವೂರಿನಿಂದ ಬಂದವರಿಗೆ ತನ್ನ ಊರನ್ನು ತೋರಿಸುವುದೆಂದರೆ ಯಾವ ಗೃಹಸ್ಥನಿಗೂ ಸಂತೋಷವೇ. ಬಂದವರು ಕಡಲಾಚೆಯವರಾದರೆ ಆ ಸಂತೋಷಕ್ಕೆ ತುಸು ಜಂಬವೂ ಕೂಡಿಕೊಳ್ಳುವುದುಂಟು. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ನಮ್ಮ ಹಳೆಯ ಮಿತ್ರರೊಬ್ಬರು ಕಳೆದ ಡಿಸೆಂಬರಿನಲ್ಲಿ ಒಂದೇ ದಿನದ ಮಟ್ಟಿಗೆ ಮಂಗಳೂರಿಗೆ ಬರುವುದಾಗಿ ಬರೆದಾಗ, ನಾವು ಹದಿನಾಲ್ಕು ಸ್ಥಳಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಒಂದೊಂದಕ್ಕೂ ಇಷ್ಟಿಷ್ಟು ನಿಮಿಷವೆಂದು ಗುರುತು ಹಾಕಿಟ್ಟೆವು.

ಹಿಂದೆ ನಾವು ಬಾಸೆಲಿಗೆ ಹೋಗಿದ್ದಾಗ ಅವರು ಇಂತಹ ಪಟ್ಟಿಯನ್ನೇನೂ ಮಾಡಿರಲಿಲ್ಲ. ಇಡೀ ದಿನದಲ್ಲಿ ಅವರು ತೋರಿಸಿದುದು ಕೆಂಪು ಕಲ್ಲಿನ ಹಳೆಯ ಇಗರ್ಜಿಯನ್ನು, ಅದರ ಬುಡದಲ್ಲಿ ಹರಿಯುವ ರೈನ್ ನದಿಯನ್ನು, ಮತ್ತು ಆ ನದಿಯ ಕಡವಿನ ದೋಣಿಯನ್ನು ಮಾತ್ರ. ದೋಣಿಗೆ ಯಂತ್ರವಿಲ್ಲ, ಹಾಯಿಯಿಲ್ಲ, ಹುಟ್ಟು ಹಾಕುವವರಿಲ್ಲ. ಹೊಳೆಗೆ ಅಡ್ಡಲಾಗಿ ಬಿಗಿದ ತಂತಿಗೆ ಅದನ್ನು ಕಟ್ಟಿರುವರು. ದೋಣಿಯನ್ನು ಕೊಂಚ ಓರೆಮಾಡಿದರೆ ಪ್ರವಾಹವೇ ಅದನ್ನು ಆಚೆಯ ದಡಕ್ಕೆ ನೂಕುವುದು. ಮಿತ್ರರು ಚಿಕ್ಕ ಹುಡುಗನಂತೆ “ಇನ್ನೊಮ್ಮೆ” ಎನ್ನುತ್ತ ನಮ್ಮನ್ನು ನಾಲ್ಕು ಸಲ ದಾಟಿಸಿದರು. ಬಳಿಕ ನದಿಯ ದಂಡೆಯಲ್ಲಿ ಕುಳಿತು, ಜೇನೂ ಸಾಂಬಾರವೂ ಸೇರಿದ ಲೆಕರ್ಲಿಯೆಂಬ ಅವರೂರಿನ ಗಟ್ಟಿ ತಿಂಡಿಯನ್ನು ಹಲ್ಲಿಗೆ ಹೆದರುತ್ತ ತಿಂದೆವು.

ಮಂಗಳೂರಿನ ರೈಲು ನಿಲ್ದಾಣದಲ್ಲಿ ಇಳಿದ ಮಿತ್ರರು ಕೈಹಿಡಿದು ಕುಶಲ ಕೇಳಿದರಾದರೂ, ನಮ್ಮ ಮುಖವನ್ನು ಬಿಟ್ಟು ಹೆಗಲಾಚೆಯ ಯಾವುದನ್ನೋ ನೋಡುತ್ತಿರುವಂತೆ ತೋರಿತು. ಕಾರಣವನ್ನು ಅವರೇ ಹೇಳಿದರು. ಕಣ್ಣಿನ ನಡುಭಾಗದ ದೃಷ್ಟಿಯು ಅಳಿಯುತ್ತ ಬರುವ ರೋಗ. ನೇರವಾಗಿ ನೋಡಿದುದು ಮಬ್ಬು, ಅಂಚಿನಲ್ಲಿದ್ದುದು ಮಾತ್ರ ಅಷ್ಟಿಷ್ಟು ಕಾಣುವುದು. “ಇನ್ನು ತಡಮಾಡಿದರೆ ನಿಮ್ಮ ಊರನ್ನು ನೋಡಲಾರೆನೆಂದು ಬಂದೆ” ಎಂದರು. ಕಾಗದದಲ್ಲಿ ಇದರ ಸುಳಿವೇ ಇರಲಿಲ್ಲ. ನಮ್ಮ ಪಟ್ಟಿಯು ಜೇಬಿನಲ್ಲಿಯೇ ಇದ್ದಿತು.

ಜೆಪ್ಪುವಿನ ನಮ್ಮ ಮನೆಯಲ್ಲಿ ತಾಯಿಯವರು ನೀರ್‌ದೋಸೆಯನ್ನೂ ಬೆಲ್ಲ ಕಲಸಿದ ತೆಂಗಿನತುರಿಯನ್ನೂ ಸಿದ್ಧಮಾಡಿದ್ದರು. ನಾಲ್ಕು ಮಡಿಕೆಯಾಗಿ ಬಂದ ದೋಸೆಯನ್ನು ಮಿತ್ರರು ಬೆರಳಿನಿಂದ ಬಿಡಿಸಿ, “ಇದು ಕೈಯೊರಸಿಕೊಳ್ಳುವ ಬಟ್ಟೆಯಲ್ಲವಷ್ಟೆ?” ಎಂದು ಕೇಳಿದರು. ಅದನ್ನು ತಾಯಿಯವರಿಗೆ ಕನ್ನಡದಲ್ಲಿ ತಿಳಿಸಲಾಗಿ, “ಬಟ್ಟೆಯಾದರೆ ಒಂದು ಸಾಕಿತ್ತು, ದೋಸೆಯಲ್ಲವೋ, ಇನ್ನೆರಡು ಹಾಕಿಸಿಕೊಳ್ಳಲಿ” ಎಂದು ಬಡಿಸಿಯೇ ಬಿಟ್ಟರು. ಮಿತ್ರರು ಏಳಕ್ಕೆ ನಿಲ್ಲಿಸಿದರು.

ಅಲ್ಲಿಂದ ನೆಟ್ಟಗೆ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಪ್ರಾರ್ಥನಾಲಯಕ್ಕೆ ಹೋದೆವು. ಇಟಲಿಯ ಅಂತೋನಿಯೊ ಮೊಸ್ಕೇನಿಯೆಂಬ ಯೇಸುಸಭೆಯ ಸಹೋದರರು 1899ರಲ್ಲಿ ಕೆಲಸಕ್ಕೆ ತೊಡಗಿ, ಗೋಡೆಗಳ ಹಸಿ ಗಾರೆಯ ಮೇಲೆಯೂ ಛಾವಣಿಯ ಬಟ್ಟೆಯ ಮೇಲೆಯೂ ಬಿಡಿಸಿದ ಚಿತ್ರಗಳು ಅಲ್ಲಿರುವುವು. ನಾವು ಕಲಿತ ಪಾಠವನ್ನು ಒಪ್ಪಿಸುವವರಂತೆ ಒಂದೊಂದು ಚಿತ್ರದ ಕಥೆಯನ್ನೂ ಹೇಳುತ್ತ ಹೋದೆವು. ಮಿತ್ರರು ಕತ್ತನ್ನು ಅತ್ತಿತ್ತ ಹೊರಳಿಸಿ ನೋಡಿ, ಮೆಲ್ಲನೆ, “ಬಣ್ಣಗಳಿವೆ, ಮುಖಗಳಿಲ್ಲ” ಎಂದರು. ಅಷ್ಟು ಹೊತ್ತು ನಾವು ಮಾತನಾಡಿದುದಕ್ಕೆ ನಾಚಿಕೆಯಾಯಿತು. ಅವರು ಮಾತ್ರ ಬೇಸರಪಡದೆ ಬೆಂಚಿನಲ್ಲಿ ಕುಳಿತು, ಆ ಬಣ್ಣಗಳನ್ನೇ ಬಹಳ ಹೊತ್ತು ನೋಡಿದರು. ನಾವು ಪಟ್ಟಿಯನ್ನು ಹೊರತೆಗೆದು ಹತ್ತು ಹೆಸರುಗಳಿಗೆ ಗೀಟು ಹಾಕಿದೆವು.

ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮನು 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಮೂರು ಮುಖ, ಆರು ಕೈ. ಆ ಕಾಲದಲ್ಲಿ ಈ ಸ್ಥಳವು ವಿಹಾರವಾಗಿದ್ದಿತೆಂಬುದಕ್ಕೆ ಪೀಠದ ಬರಹವೇ ಸಾಕ್ಷಿ. ಈ ಬಾರಿ ನಾವು ಇಷ್ಟನ್ನೇ ಹೇಳಿ ಸುಮ್ಮನಾದೆವು. ಮಿತ್ರರಿಗೆ ಹೆಚ್ಚು ಹಿಡಿಸಿದುದು ಗುಡ್ಡದ ಒರತೆಯಿಂದ ಗೋಮುಖದಲ್ಲಿ ಬೀಳುವ ನೀರಿನ ಸದ್ದು. ಹೊರಗೆ ಮಾರ್ಗದ ಬದಿಯಲ್ಲಿ ಬೊಂಡ ಕುಡಿದೆವು. ಮಾರುವವನು ಸಿಪ್ಪೆಯ ಚೂರನ್ನೇ ಕೆತ್ತಿ ಚಮಚ ಮಾಡಿ ತಿರುಳನ್ನು ಬಿಡಿಸಿಕೊಟ್ಟುದನ್ನು ಅವರು ಕೈಯಲ್ಲಿ ಮುಟ್ಟಿಮುಟ್ಟಿ ಮೆಚ್ಚಿದರು.

ಮಧ್ಯಾಹ್ನದ ಊಟವಾಗಿ, ಪುನರ್ಪುಳಿಯ ಶರಬತ್ತು ಕುಡಿದು, ಹಿತ್ತಿಲಿನಲ್ಲಿ ಕುಳಿತಿದ್ದಾಗ ಬಚ್ಚಲುಕೊಟ್ಟಿಗೆಯಿಂದ ಇಳಿಸಿಟ್ಟಿದ್ದ ಹಳೆಯ ಹೆಂಚೊಂದು ಅವರ ಕೈಗೆ ಸಿಕ್ಕಿತು. ಅದನ್ನು ತೊಡೆಯ ಮೇಲೆ ಕವುಚಿ ಹಾಕಿ, ಅಚ್ಚೊತ್ತಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಒಂದೊಂದಾಗಿ ಓದಿದರು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಆ ದಿನದಲ್ಲಿ ಅವರು ತಪ್ಪಿಲ್ಲದೆ ಓದಿದ ಬರಹವು ಅದೊಂದೇ. ಅದು ಅವರೂರಿನ ಹೆಸರೇ ಆಗಿದ್ದಿತು.

ಬಾಸೆಲಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದುದು ಮತಪ್ರಚಾರಕ್ಕಾಗಿ, ಅದನ್ನು ಮರೆಯಬೇಕಾದುದಿಲ್ಲ. ಆದರೆ ಮೋಗ್ಲಿಂಗರ “ಮಂಗಳೂರ ಸಮಾಚಾರ”ವು 1843ರಲ್ಲಿ ಹೊರಟುದೂ, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದುದೂ ಅವರ ಮುದ್ರಣಾಲಯದಿಂದಲೇ. ಹೆಂಚಿನ ಕೆಲಸವನ್ನು ನಡೆಸಿದುದು, ನೇತ್ರಾವತಿಯ ದಡದ ಜೇಡಿಯನ್ನು ಯಂತ್ರದಲ್ಲಿ ಒತ್ತಿ, ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕೂಡುವಂತೆ ಸುಟ್ಟು. ಗಾರೆಯಿಲ್ಲದೆ ಪಕ್ಕಾಸಿನ ಪಟ್ಟಿಗೆ ತಗುಲಿಸಿದರೆ ನಮ್ಮ ಆಷಾಢದ ಮಳೆಗೂ ಜಗ್ಗದು. ಮೊದಲನೆಯ ಮಹಾಯುದ್ಧವು ಬಂದು ಆ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಹೆಂಚುಗಳು ಮಾತ್ರ ಮಾಡಿನ ಮೇಲೆ ಉಳಿದವು. ಇದಿಷ್ಟನ್ನು ಮಿತ್ರರು ಕೇಳಿದ ಮೇಲೆಯೇ ನಾವು ಹೇಳಿದೆವು. “ಒಂದು ಹೆಂಚನ್ನು ಒಯ್ಯಲೇ?” ಎಂದು ಅವರು ತಾಯಿಯವರನ್ನು ಕೇಳಿದಾಗ, ಹೊಸ ಬೈರಾಸು ತಂದು ಸುತ್ತಿಕೊಟ್ಟವರು ಅವರೇ.

ಸಂಜೆ ನಾಲ್ಕು ಗಂಟೆಗೆ ಸುಲ್ತಾನ್ ಬತ್ತೇರಿಗೆ ಹೋದೆವು. ಹಡಗುಗಳ ಮೇಲೆ ಕಣ್ಣಿಡಲು ಟಿಪ್ಪುವಿನ ಕಾಲದಲ್ಲಿ ಕಟ್ಟಿದ ಕಲ್ಲಿನ ಬುರುಜು ಅದು. ಅದರ ಕೆಳಗಿನ ಕಡವಿನಿಂದ ಗುರುಪುರ ಹೊಳೆಯನ್ನು ದಾಟಿದರೆ ತಣ್ಣೀರುಬಾವಿಯ ಕಡಲತೀರ. ದೋಣಿಗೆ ಇಲ್ಲಿ ಯಂತ್ರವಿರುವುದು. ಅದರ ಗದ್ದಲ, ಒಣಮೀನಿನ ವಾಸನೆ, ಮೊಗವೀರ ಹೆಂಗಸರ ತುಳು, ಬ್ಯಾರಿ ಹುಡುಗರ ನಗೆ, ಯಾರದೋ ಕೊಂಕಣಿ, ಎಲ್ಲವೂ ಒಂದೇ ಹಲಗೆಯ ಮೇಲೆ. “ಜಾಗ್ರತೆ ಮಾರಾಯ್ರೇ” ಎಂದು ದೋಣಿಯವನು ಮಿತ್ರರ ತೋಳು ಹಿಡಿದು ಕೂರಿಸಿದನು. ನಡುಹೊಳೆಯಲ್ಲಿ ಅವರು ನೀರಿಗೆ ಕೈಯಿಳಿಸಿ ನಾಲಗೆಗೆ ಮುಟ್ಟಿಸಿಕೊಂಡು, “ಉಪ್ಪು! ರೈನಿಗಿಂತ ರುಚಿ” ಎಂದರು.

ತೀರದಲ್ಲಿ ಬಿಸಿ ಗೋಳಿಬಜೆ ತಿಂದು, ಹೊತ್ತು ಕಂತುವವರೆಗೆ ಕುಳಿತೆವು. ಕೆಂಬಣ್ಣವು ಅಗಲವಾಗಿ ಹರಡಿದುದರಿಂದ ಸೂರ್ಯಾಸ್ತವು ಅವರಿಗೆ ಚೆನ್ನಾಗಿಯೇ ಕಂಡಿತು. ಮರಳಿ ಈಚೆ ದಡಕ್ಕೆ ಇಳಿಯುತ್ತಿದ್ದಂತೆ ಅವರು ನಮ್ಮ ಮುಖದ ಪಕ್ಕಕ್ಕೆ ನೋಡುತ್ತ, “ಇನ್ನೊಮ್ಮೆ” ಎಂದರು. ರಾತ್ರಿಯ ರೈಲಿಗೆ ಹೊತ್ತು ಹೆಚ್ಚಿರಲಿಲ್ಲ. ಗಡ್‌ಬಡ್ ಐಸ್‌ಕ್ರೀಮು ತಿನ್ನಿಸಬೇಕೆಂದಿದ್ದುದು ಅಲ್ಲಿಗೇ ಬಿಟ್ಟುಹೋಯಿತು. ದೋಣಿಯವನಿಗೆ ಮತ್ತೆ ಕಾಸು ಕೊಟ್ಟು ಕುಳಿತೆವು.