ಚಾಮರಾಜನಗರದ ಕೂಸು, ಬೆಂಗಳೂರಿನ ಡಾಕ್ಟರು

ಹುಟ್ಟಿದ 100 ಮಕ್ಕಳಲ್ಲಿ ಹೆಚ್ಚುಕಮ್ಮಿ ಒಂದಕ್ಕೆ ಹೃದಯದಲ್ಲಿ ಏನೋ ಒಂದು ದೋಷ ಇರುತ್ತೆ. ಗಾಬರಿ ಬೇಡ, ಸಣ್ಣ ರಂಧ್ರಗಳು ಎಷ್ಟೋ ಸಲ ತಾವಾಗೇ ಮುಚ್ಚಿಕೊಳ್ಳುತ್ತವೆ. ಆದರೆ ಯಾವ ಮಗು ಕಾಯಬಹುದು, ಯಾವುದು ಈ ರಾತ್ರಿಯೇ ಹೊರಡಬೇಕು? ಇದನ್ನ ಹೇಳೋ ತಜ್ಞರು ಬಹುತೇಕ ದೊಡ್ಡ ಊರುಗಳಲ್ಲೇ ಇದ್ದಾರೆ.

2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಈಗ ಉಪಗ್ರಹವೇ ಬೇಕಂತಿಲ್ಲ, ಒಳ್ಳೆ ಇಂಟರ್ನೆಟ್ ಸಾಕು.

ಜಿಲ್ಲಾಸ್ಪತ್ರೆಯ ಡಾಕ್ಟರು ಮಗುವಿನ ಎದೆ ಮೇಲೆ ಹೃದಯದ ಚಿತ್ರ ತೋರಿಸೋ ಎಕೋ ಪ್ರೋಬ್ ಇಡ್ತಾರೆ. ಬೆಂಗಳೂರಲ್ಲಿ ತಜ್ಞರು ಪರದೆ ನೋಡ್ತಾ, “ಸ್ವಲ್ಪ ಎಡಕ್ಕೆ... ಇನ್ನೂ ಓರೆ ಮಾಡಿ” ಅಂತಾರೆ. ಪ್ರೋಬ್ ಹಿಡಿಯೋ ಕೈ ಪಳಗಿರಬೇಕು ಅನ್ನಿ. ಚಿತ್ರ ಕೆಟ್ಟರೆ ಎಂಥ ತಜ್ಞರಿಗೂ ಏನೂ ಕಾಣಲ್ಲ.

ನಿಜವಾದ ಲಾಭ ಇಲ್ಲಿದೆ. ಕೆಲವು ಮಕ್ಕಳ ಜೀವ ಡಕ್ಟಸ್ ಅನ್ನೋ ಪುಟ್ಟ ರಕ್ತನಾಳದ ಮೇಲೆ ನಿಂತಿರುತ್ತೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ಮುಚ್ಚೋದು ಸಹಜ. ಈ ಮಕ್ಕಳಲ್ಲಿ ಮುಚ್ಚಿದರೆ ಮಾತ್ರ ಪ್ರಾಣಕ್ಕೇ ಕುತ್ತು. ಪ್ರೋಸ್ಟಾಗ್ಲ್ಯಾಂಡಿನ್ ಡ್ರಿಪ್ ಅದನ್ನ ತೆರೆದಿಡುತ್ತೆ. ಆ ಔಷಧದಿಂದ ಮಗುವಿನ ಉಸಿರು ನಡುವೆ ನಿಲ್ಲಬಹುದು, ಅದಕ್ಕೇ ನಿಗಾ ಬೇಕು. ತಜ್ಞರ ಸಲಹೆ ಮೇಲೆ ಡ್ರಿಪ್ ಜಿಲ್ಲಾಸ್ಪತ್ರೆಯಲ್ಲೇ ಶುರುವಾದರೆ, ಮಗು ಬೆಂಗಳೂರು ತಲುಪೋವರೆಗೆ ಸಮಯ ಸಿಗುತ್ತೆ.

ಆಪರೇಷನ್ ಆದ ಮೇಲಿನ ಎಷ್ಟೋ ತಪಾಸಣೆಗಳೂ ಹೀಗೇ ದೂರದಿಂದಲೇ ಆಗಬಹುದು. ಅಪ್ಪ ಅಮ್ಮನ ಕೂಲಿ, ಬಸ್ ಚಾರ್ಜು ಎರಡೂ ಉಳಿಯುತ್ತೆ.

ಆದರೆ ಕೂಸಿನ ತುಟಿ, ನಾಲಿಗೆ ನೀಲಿಯಾದರೆ ವಿಡಿಯೋ ಕಾಲ್‌ಗೆ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೊರಡಿ. ತಜ್ಞರಿಗೆ ಫೋನ್ ಅಲ್ಲಿನ ಡಾಕ್ಟರು ಮಾಡ್ಕೋತಾರೆ.