ನಿಮಗಿದು ಗೊತ್ತೆ? ಗಾಳಿಗೆ ಒಳಿತಾಯಿತು, ನೀರು ಕೆಟ್ಟಿತು

ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರ 1996ರಲ್ಲಿ ಕುಡಿಯುವ ನೀರಿನ ಹಲವು ಕೊಳವೆಬಾವಿಗಳನ್ನು ಮುಚ್ಚಬೇಕಾಯಿತು. ಊರಿಗೆ ಸಿಗುತ್ತಿದ್ದ ನೀರಿನಲ್ಲಿ ಸುಮಾರು ಅರ್ಧದಷ್ಟು ಕೈತಪ್ಪಿತು. ಕಾರಣ, ಪೆಟ್ರೋಲ್‌ಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕ.

ಸೀಸದ ಬದಲಿಗೆ ಅಮೆರಿಕದಲ್ಲಿ 1979ರಿಂದ ಬಳಕೆಗೆ ಬಂದ ಇದು, ಪೆಟ್ರೋಲ್ ಚೆನ್ನಾಗಿ ಉರಿಯುವಂತೆ ಮಾಡಿ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ತಗ್ಗಿಸುತ್ತಿತ್ತು. ಆದರೆ ಬಂಕ್‌ಗಳ ನೆಲದಡಿಯ ಟ್ಯಾಂಕ್‌ಗಳು ಸೋರಿದಾಗ ಇದರ ಇನ್ನೊಂದು ಗುಣ ಬಯಲಾಯಿತು. ಪೆಟ್ರೋಲ್‌ನ ಉಳಿದ ಅಂಶಗಳು ಬಹುಮಟ್ಟಿಗೆ ಮಣ್ಣಿನಲ್ಲೇ ತಡೆದು ನಿಲ್ಲುತ್ತವೆ. ಸೂಕ್ಷ್ಮಜೀವಿಗಳು ಅವನ್ನು ನಿಧಾನವಾಗಿ ಒಡೆಯುತ್ತವೆ. ಎಂಟಿಬಿಇ ಹಾಗಲ್ಲ. ನೀರಿನಲ್ಲಿ ಸಲೀಸಾಗಿ ಕರಗಿ ಅಂತರ್ಜಲದ ಜೊತೆಗೇ ದೂರ ಸಾಗುತ್ತದೆ, ಸುಲಭಕ್ಕೆ ಕೊಳೆಯುವುದೂ ಇಲ್ಲ. ನೂರು ಕೋಟಿ ಭಾಗ ನೀರಿಗೆ 40 ಭಾಗ ಸೇರಿದರೂ ಸಾಕು, ಟರ್ಪೆಂಟೈನ್‌ನಂಥ ವಾಸನೆ ಹಲವರ ಮೂಗಿಗೆ ಬಡಿಯುತ್ತದೆ.

ಗಾಳಿಯ ಲೆಕ್ಕ ಹಾಕಿದವರು ನೀರಿನ ಲೆಕ್ಕವನ್ನೂ ಆಗಲೇ ಹಾಕಬೇಕಿತ್ತು. ಕ್ಯಾಲಿಫೋರ್ನಿಯಾದ ಗವರ್ನರ್ ಗ್ರೇ ಡೇವಿಸ್ 1999ರಲ್ಲಿ ಎಂಟಿಬಿಇಯನ್ನು ಕೈಬಿಡಲು ಆದೇಶಿಸಿದರು. 2004ರ ಆರಂಭದಿಂದ ಆ ರಾಜ್ಯದ ಪೆಟ್ರೋಲ್‌ನಲ್ಲಿ ಅದು ನಿಷಿದ್ಧ; ಅದರ ಜಾಗಕ್ಕೆ ಎಥನಾಲ್ ಬಂತು.